ಅವ್ವನ ಹೆಬ್ಬೆರಳು

ಗುಟ್ಟಹಳ್ಳಿ, ಜಡಿಗೇನಹಳ್ಳಿ ಹೋಬಳಿ
೬ ನವೆಂಬರ್ ೧೯೪೪

ಅಕ್ಕಾ,

ಎಲ್ಲರೂ ಕ್ಷೇಮ ಎಂದು ಬರೆಯುವ ಹಾಗಿಲ್ಲ, ಆದ್ದರಿಂದ ಬರೆಯುತ್ತಿಲ್ಲ. ಅವ್ವ, ನಾನು, ನಿನ್ನ ಮಗಳು, ಮೂವರಿಗೂ ಏನೂ ಆಗಿಲ್ಲ. ಅದನ್ನು ಮೊದಲೇ ಹೇಳಿ ಉಳಿದದ್ದಕ್ಕೆ ಬರುತ್ತೇನೆ. ಅನುಸೂಯ ನಿನ್ನೆ ರಾಗಿ ಹೊಲಕ್ಕೆ ನನ್ನ ಹಿಂದೆಯೇ ಬಂದು, ಕೊಯ್ಯುವವರೆಲ್ಲರಿಗಿಂತ ಹೆಚ್ಚು ಮಾತಾಡಿ, ಕೊನೆಗೆ ಕೊಯ್ದು ಹಾಸಿದ ಅರಿಯ ಮೇಲೆಯೇ ನಿದ್ದೆ ಹೋದಳು. "ನಮ್ಮಮ್ಮನ ಆಸ್ಪತ್ರೇಲಿ ಮಂಚಕ್ಕೆ ಚಕ್ರ ಐತಂತೆ, ನಿಜವಾ ಮಾಮ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ನಿಜವೋ ಸುಳ್ಳೋ ಬರೆ. ನಾನು ನೋಡಿಲ್ಲದ್ದಕ್ಕೆ ಹೌದು ಎನ್ನಲಾರೆ.

ಹೋದ ತಿಂಗಳು ನಾನು ಸೈನ್ಯಕ್ಕೆ ಸೇರಲು ಬೆಂಗಳೂರಿಗೆ ಬಂದು ವಾಪಸ್ಸಾದ ಸುದ್ದಿ ನಿನಗೆ ಮುಟ್ಟಿರಬೇಕು. ವಯಸ್ಸೆಷ್ಟು ಎಂದರು, ಹದಿನೇಳು ಎಂದೆ. ಹವಾಲ್ದಾರ ನಕ್ಕು, "ಲೇ, ಹದಿನೆಂಟು ಅಂದಿದ್ರೆ ನಿನ್ ಗಂಟೇನ್ ಹೋಗ್ತಿತ್ತು?" ಎಂದು ಸಾಲಿನಿಂದ ಆಚೆಗೆ ನೂಕಿದ. ಊರಿನವರೆಲ್ಲ ಇದನ್ನೇ ಹೇಳಿಕೊಂಡು ನಗುತ್ತಿದ್ದಾರೆ. ಆಗ ನಿನ್ನನ್ನು ನೋಡದೆ ಹೋದೆನೆಂದು ಬೈಯಬೇಡ. ಆ ಮುಖ ಹೊತ್ತು ನಿನ್ನ ಮುಂದೆ ನಿಲ್ಲಲು ನಾಚಿಕೆಯಾಯಿತು.

ಈಗ ಅಸಲು ವಿಷಯ. ಚಿಕ್ಕವೆಂಕಟಪ್ಪನ ಮಗ ಮುನಿಸ್ವಾಮಿ ಗುರುವಾರ ತೀರಿಕೊಂಡ. ಆರು ವರ್ಷ. ಸೋಮವಾರ ಗಂಟಲು ನೋವು ಎಂದಿದ್ದ. ಗಂಟಲು ಎಂದ ಮೇಲೆ ಎಲ್ಲರೂ ಬರುವ ಕಡೆಗೇ ಬಂದರು, ನಮ್ಮ ಜಗಲಿಗೆ. ಅವ್ವ "ಕಿರುನಾಲಿಗೆ ಬಿದ್ದೈತೆ" ಎಂದಳು. ಬೂದಿಗೆ ಮೆಣಸಿನ ಪುಡಿ ಕಲಸಿ, ಹೆಬ್ಬೆರಳಿಗೆ ಮೆತ್ತಿಕೊಂಡು, ಹುಡುಗನನ್ನು ಮೂಡಲಿಗೆ ಕೂರಿಸಿ ಕಿರುನಾಲಿಗೆಯನ್ನು ಒತ್ತಿ ಎತ್ತಿದಳು, ನೆತ್ತಿಯ ಕೂದಲು ಜಗ್ಗಿದಳು, ಸೆರಗಿಗೆ ಬೆರಳು ಒರೆಸಿಕೊಂಡು ಬೆಲ್ಲ ಕೊಟ್ಟಳು. ಅವ್ವ ಅವರಿಂದ ಒಂದು ತೆಂಗಿನಕಾಯಿಯನ್ನೂ ತೆಗೆದುಕೊಳ್ಳಲಿಲ್ಲ, ತೆಗೆದುಕೊಂಡರೆ ಕೈಗುಣ ಹೋಗುತ್ತದೆ ಎನ್ನುತ್ತಾಳಲ್ಲ.

ಬುಧವಾರ ಹುಡುಗನ ಕತ್ತು ಹೋರಿಯ ಕತ್ತಿನಂತೆ ಊದಿತು. ಬಾಯಿ ಕೆಟ್ಟ ನಾತ. ಒಳಗೆ ನೋಡಲು ನಾನು ಕನ್ನಡಿಯಿಂದ ಬಿಸಿಲು ಬಿಟ್ಟೆ. ಗಂಟಲಿನ ಎರಡೂ ಕಡೆ ಬೂದಿ ಬಣ್ಣದ ಪಟ್ಟಿ. ಅವ್ವ ತಾನು ಹಚ್ಚಿದ ಬೂದಿಯೇ ಅಂಟಿಕೊಂಡಿದೆ ಎಂದಳು, ಎಲ್ಲರೂ ಹೌದೆಂದರು. ಉಗುರಿನಿಂದ ಕೆರೆದು ತೆಗೆಯಲು ಹೋದಳು, ರಕ್ತ ಬಂತು. ಬೂದಿಯಾಗಿದ್ದರೆ ಒರೆಸಿದರೆ ಹೋಗಬೇಕಲ್ಲ ಅಕ್ಕಾ?

ಈಗ ದೊಡ್ಡಬೀರಪ್ಪನ ಮಗಳಿಗೂ ಗಂಟಲು ಹಿಡಿದಿದೆ, ಮುನಿರಾಮಯ್ಯನ ಮೊಮ್ಮಗನಿಗೆ ನೆಗಡಿ. ಚೆನ್ನಾಗಿರುವ ಮಕ್ಕಳನ್ನೂ ಮುಂಜಾಗ್ರತೆಗೆ ಎಂದು ತಂದು ಅವ್ವನ ಮುಂದೆ ಕೂರಿಸುತ್ತಿದ್ದಾರೆ. ನೀನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು. ಇದೇನೆಂದು ಕೇಳಿ ಬರೆ.

ಬೇಗ ಬರೆ.
ಪಿಳ್ಳಣ್ಣ


ಬೆಂಗಳೂರು
೧೧ ನವೆಂಬರ್ ೧೯೪೪

ಪಿಳ್ಳ,

ಈ ಕಾಗದವನ್ನು ಜಗಲಿಯ ಮೇಲೆ ಓದಬೇಡ. ನೀನೊಬ್ಬನೇ ಓದು.

ಅದು ಬೂದಿಯಲ್ಲ. ಗಂಟಲುಮಾರಿ. ಇಲ್ಲಿ ಡಿಫ್ತೀರಿಯಾ ಎನ್ನುತ್ತಾರೆ. ನನ್ನ ವಾರ್ಡಿನಲ್ಲಿ ಈಗ ಅಂಥ ನಾಲ್ಕು ಮಕ್ಕಳಿವೆ. ನಿನ್ನ ಕಾಗದವನ್ನು ಡಾಕ್ಟರಿಗೆ ಓದಿ ಹೇಳಿದೆ. ರಕ್ತ ಬಂತು ಎಂದದ್ದೇ ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಅದು ಒಂದು ಪೊರೆ. ಅದರಲ್ಲಿ ಕ್ರಿಮಿ ಇರುತ್ತದೆ. ಅದನ್ನು ಕೆರೆಯಬಾರದು, ಮುಟ್ಟಲೇಬಾರದು. ಪೊರೆ ಕೆಳಗಿಳಿದರೆ ಮಗುವಿಗೆ ಉಸಿರು ಕಟ್ಟುತ್ತದೆ. ಆಗ ಕತ್ತು ಕೊಯ್ದು ಕೊಳವೆ ಇಡುತ್ತಾರೆ. ನಾನು ನೋಡಿದ್ದೇನೆ, ಬರೆಯುವುದಿಲ್ಲ. ಉಸಿರು ಕಟ್ಟದಿದ್ದರೂ ಆ ಕ್ರಿಮಿ ಬಿಡುವ ವಿಷ ರಕ್ತಕ್ಕೆ ಸೇರಿ ಎದೆಗುಂಡಿಗೆಗೆ ಹೋಗುತ್ತದೆ.

ಮದ್ದು ಇದೆ. ಕುದುರೆಯ ರಕ್ತದಿಂದ ತೆಗೆಯುವ ಸೀರಂ, ಸೂಜಿಯಲ್ಲಿ ಕೊಡುತ್ತಾರೆ. ಆದರೆ ಮೊದಲ ದಿನ, ಹೆಚ್ಚೆಂದರೆ ಎರಡನೆಯ ದಿನ ಕೊಡಬೇಕು. ಅಲೆದಾಡುತ್ತಿರುವ ವಿಷವನ್ನು ಸೀರಂ ಹಿಡಿಯುತ್ತದೆ, ಎದೆಗೆ ಇಳಿದುಹೋದದ್ದನ್ನು ತೆಗೆಯಲಾರದು. ಗಂಟಲು ನೋವು ಎಂದ ಯಾವ ಮಗುವನ್ನಾದರೂ ಆ ದಿನವೇ ಕರೆದುಕೊಂಡು ಬನ್ನಿ. ಮುನಿರಾಮಯ್ಯನಿಗೂ ಬೀರಪ್ಪನಿಗೂ ಹೇಳು.

ಇದು ಕೆಮ್ಮಿನಿಂದ, ಎಂಜಲಿನಿಂದ, ಒಂದೇ ಲೋಟದಿಂದ ಹರಡುತ್ತದೆ. ಇಲ್ಲಿ ಒಂದು ಮಗುವಿನ ಬಾಯಿ ಮುಟ್ಟಿದರೆ ಕೈಯನ್ನು ಔಷಧದ ನೀರಿನಲ್ಲಿ ಅದ್ದದೆ ಇನ್ನೊಂದರ ಹತ್ತಿರ ಹೋಗಲು ಸಿಸ್ಟರಮ್ಮ ಬಿಡುವುದಿಲ್ಲ. ಪಿಳ್ಳ, ನಿನಗೆ ಅರ್ಥವಾಗಿರಬೇಕು. ಮುನಿಸ್ವಾಮಿಯ ಗಂಟಲಿನಿಂದ ಉಳಿದ ಮಕ್ಕಳ ಗಂಟಲಿಗೆ ಅದನ್ನು ಹೊತ್ತುಕೊಂಡು ಹೋಗುತ್ತಿರುವುದು ಅವ್ವನ ಹೆಬ್ಬೆರಳು.

ಇದನ್ನು ಅವ್ವನಿಗೆ ಹೀಗೆ ಹೇಳಬೇಡ. 'ಯಾರ ಬಾಯಿಗೂ ಕೈ ಹಾಕಕೂಡದೆಂದು ಆಸ್ಪತ್ರೆಯವರ ಹುಕುಂ ಬಂದಿದೆ' ಎಂದಷ್ಟೇ ಹೇಳು. ಮುನಿಸ್ವಾಮಿಯ ಹೆಸರು ಎತ್ತಬೇಡ. ಅವಳು ತಾಳುವುದಿಲ್ಲ.

ಮಂಚಕ್ಕೆ ಚಕ್ರ ಇರುವುದು ನಿಜ, ಎರಡೇ ಮಂಚಕ್ಕೆ. ಅನುಸೂಯಳನ್ನು ಯಾವ ಮಗುವಿನ ಜೊತೆಗೂ ಆಡಲು ಬಿಡಬೇಡ. ನನಗಿರುವುದು ಅವಳೊಬ್ಬಳು. ಯುದ್ಧದ ಕೆಲಸಕ್ಕೆ ಅಸ್ಸಾಮಿಗೆ ಹೋದ ನಿನ್ನ ಭಾವನಿಂದ ಎಂಟು ತಿಂಗಳಿನಿಂದ ಕಾಗದವಿಲ್ಲ.

ಲಕ್ಕಮ್ಮ


ಗುಟ್ಟಹಳ್ಳಿ
೧೫ ನವೆಂಬರ್ ೧೯೪೪

ಅಕ್ಕಾ,

ನಿನ್ನ ಕಾಗದವನ್ನು ಜಗಲಿಯ ಮೇಲೆಯೇ ಓದಿದೆ. ಗೊತ್ತಿಲ್ಲದೆ ಓದಿದೆನೆಂದು ತಿಳಿಯಬೇಡ. ಮೊದಲು ಮನಸ್ಸಿನಲ್ಲಿ ಓದಿಕೊಂಡು, ಆಮೇಲೆ ಜೋರಾಗಿ ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ.

ಆಸ್ಪತ್ರೆಯ ಕಾಗದ ಬಂದಿದೆ ಎಂದು ಹತ್ತು ಹದಿನೈದು ಜನ ಸೇರಿದ್ದರು. ಚಿಕ್ಕವೆಂಕಟಪ್ಪ ಕಂಬಕ್ಕೆ ಒರಗಿ ಕೂತಿದ್ದ. ಮುನಿರಾಮಯ್ಯ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದ. ಮಗುವಿಗೆ ಬೆಳಿಗ್ಗೆಯಿಂದ ಗಂಟಲು ನೋವಂತೆ, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಅವ್ವ ಬೂದಿಯ ತಟ್ಟೆ ತರಲು ಎದ್ದಳು. ಹುಕುಂ ಬಂದಿದೆ ಎಂದಿದ್ದರೆ ಅವ್ವ ನಗುತ್ತಿದ್ದಳು. "ಇದೊಂದ್ ಮಗೂಗೆ ಎತ್ಬಿಟ್ಟು ಆಮ್ಯಾಕೆ ನಿಲ್ಲಿಸ್ತೀನಿ" ಎನ್ನುತ್ತಿದ್ದಳು. ಅದಕ್ಕೇ ಓದಿದೆ. ಹಾಗೆ ಅಂದುಕೊಂಡೇ ಓದಿದೆ. ಆದರೆ ಓದುವಾಗ ನನ್ನ ಗಂಟಲು ಎಲ್ಲರಿಗಿಂತ ಮೇಲಿತ್ತು, ಅದೂ ನಿಜ. ಸಾಲಿನಿಂದ ನೂಕಿಸಿಕೊಂಡು ಬಂದವನ ಬಾಯಿಯನ್ನು ಊರೇ ನೋಡುತ್ತಿತ್ತು.

ಓದಿ ಮುಗಿಸಿದಾಗ ಮೊದಲು ಮುನಿರಾಮಯ್ಯನೇ ಎದ್ದ.

"ಏನಪ್ಪಾ, ನಿಮ್ಮಕ್ಕ ಅಲ್ಲಿ ಉಚ್ಚೆ ಬಟ್ಟೆ ಒಗೆಯೋಳೋ, ಡಾಕ್ಟ್ರೋ? ನಲವತ್ತು ವರ್ಸದಿಂದ ಎತ್ತಿರೋ ಕೈ ಕಣೋ ಇದು. ನಿನ್ ಕಿರುನಾಲಿಗೇನೂ ಇದೇ ಕೈ ಎತ್ತಿದ್ದು. ಹಂಗೇ ಬಿಟ್ಟಿದ್ರೆ ಚೆನ್ನಾಗಿರ್ತಿತ್ತು, ಇಷ್ಟುದ್ದ ಆಗ್ತಿರ್ಲಿಲ್ಲ."

ಕೆಲವರು ನಕ್ಕರು. ಚಿಕ್ಕವೆಂಕಟಪ್ಪ ನಗಲಿಲ್ಲ. "ಹಂಗಾದ್ರೆ ನನ್ ಮಗನ್ನ..." ಎಂದವನು ಅಲ್ಲಿಗೇ ನಿಲ್ಲಿಸಿ ಎದ್ದು ಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಹೋದರು.

ಅವ್ವ ನನ್ನ ಹತ್ತಿರ ಬಂದು, "ಆ ಸಾಲು ಇನ್ನೊಂದ್ ಸಲ ಓದು" ಎಂದಳು. ಓದಿದೆ. "ಬೆರಳು ಅಂತಲೇ ಬರ್ದವ್ಳಾ?" ಎಂದಳು. ಹೌದೆಂದೆ. ಬಾವಿಯ ಹತ್ತಿರ ಹೋಗಿ ಹುಣಸೆಹಣ್ಣು ಹಾಕಿ ಕೈ ತಿಕ್ಕಿದಳು. ಅಂದಿನಿಂದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೇ ಓಡಾಡುತ್ತಾಳೆ. ಅನುಸೂಯಳಿಗೆ ಮುದ್ದೆ ಮುರಿದು ತಿನ್ನಿಸುವುದನ್ನೂ ಬಿಟ್ಟಿದ್ದಾಳೆ, ತಟ್ಟೆಯಲ್ಲಿಟ್ಟು ದೂರ ಕೂರುತ್ತಾಳೆ.

ಮುನಿರಾಮಯ್ಯ ಅಷ್ಟು ಬೈದವನು ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಗಾಡಿ ಕಟ್ಟಿಕೊಂಡು ಮೊಮ್ಮಗನನ್ನು ಬೆಂಗಳೂರಿಗೆ ಹೊರಡಿಸಿದ. ನಿನ್ನ ವಾರ್ಡಿಗೇ ಬಂದಿರಬೇಕು, ನೋಡಿಕೋ. ದೊಡ್ಡಬೀರಪ್ಪನ ಮನೆಯವರು ಮಾತ್ರ ಬಾಗಿಲು ಹಾಕಿಕೊಂಡಿದ್ದಾರೆ. ಮಗಳು ನೆಂಟರ ಊರಿಗೆ ಹೋದಳು ಎನ್ನುತ್ತಾರೆ. ಒಳಗಿನಿಂದ ಕೆಮ್ಮು ಕೇಳುತ್ತದೆ.

ನೀನು ಬೇಡವೆಂದದ್ದನ್ನು ಮಾಡಿದ್ದೇನೆ. ಬೈದು ಬರೆ.

ಪಿಳ್ಳಣ್ಣ


ಗುಟ್ಟಹಳ್ಳಿ
೨೭ ನವೆಂಬರ್ ೧೯೪೪

ಅಕ್ಕಾ,

ಗುರುವಾರ ಅನುಸೂಯಳನ್ನು ನಿನ್ನ ಕೈಗೆ ಕೊಟ್ಟಾಗ ನೀನು ಕೇಳಿದ್ದು ಒಂದೇ ಮಾತು, "ಎಷ್ಟು ದಿನ ಆಯ್ತೋ?" ನಾನು ಮೂರು ಎಂದೆ. ಆ ಮೂರು ದಿನದ ಲೆಕ್ಕವನ್ನು ನಿನಗೆ ಒಪ್ಪಿಸದೆ ಇರಲಾರೆ.

ಸೋಮವಾರ ನಾನು ಊರಿನಲ್ಲಿರಲಿಲ್ಲ. ಜಗಲಿಯಲ್ಲಿ ಓದಿದ ಮೇಲೆ ನಮ್ಮ ಮನೆಯ ಕಡೆ ಯಾರೂ ಬರುತ್ತಿರಲಿಲ್ಲ. ಅವ್ವ ಮಾತು ನಿಲ್ಲಿಸಿದ್ದಳು. ಆ ಮೌನದಲ್ಲಿ ನನಗೆ ಕಾಲು ನಿಲ್ಲಲಿಲ್ಲ. ಹೊಸಕೋಟೆಯ ಹತ್ತಿರ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗಿಬಿಟ್ಟೆ. ಹೇಳಿ ಹೋಗಲಿಲ್ಲ. ಶಾಲೆ ಬಿಟ್ಟದ್ದೂ ಹೀಗೆಯೇ, ನಿನಗೆ ಗೊತ್ತು.

ಮಂಗಳವಾರ ಅನುಸೂಯ ಮುದ್ದೆ ಬೇಡ, ಗಂಟಲು ಚುಚ್ಚುತ್ತೆ ಎಂದಳಂತೆ. ಅವಳೇ ಅವ್ವನ ಮುಂದೆ ಮೂಡಲಿಗೆ ಮುಖ ಮಾಡಿ ಕೂತು 'ಆ' ಎಂದು ಬಾಯಿ ತೆರೆದಳಂತೆ. ಅವ್ವ ಮುಖ ತಿರುಗಿಸಿಕೊಂಡಳು. ಊರಿನ ಎಲ್ಲ ಮಕ್ಕಳ ಗಂಟಲು ನೋಡಿದ ಅವ್ವ ತನ್ನ ಮೊಮ್ಮಗಳ ಗಂಟಲು ನೋಡಲಿಲ್ಲ. ಯಾಕವ್ವಾ ಎಂದು ಊರಿಗೆ ಬಂದ ಮೇಲೆ ನಾನು ಕಿರುಚಿದೆ.

"ನೋಡಿದ್ರೆ ಕೈ ಹೋಗ್ತಿತ್ತು ಕಣೋ" ಎಂದಳು. "ನಲವತ್ತು ವರ್ಸದ ಕೈ. ಅದು ಸುಮ್ನಿರಾಕಿಲ್ಲ."

ಬೂದಿ ಬಣ್ಣದ ಪಟ್ಟಿ ಮಂಗಳವಾರವೇ ಇತ್ತೋ ಏನೋ. ಬುಧವಾರ ಪಕ್ಕದ ಮನೆಯವರನ್ನು ಕರೆದಳಂತೆ, ಯಾರೂ ಬರಲಿಲ್ಲ. ನಾನು ಗುರುವಾರ ಬೆಳಿಗ್ಗೆ ಬಂದೆ. ಕನ್ನಡಿ ಹಿಡಿದೆ. ಒಂದೇ ನೋಟ ಸಾಕಾಯಿತು.

ಹೊಸಕೋಟೆಯವರೆಗೆ ಓಡಿದೆ. ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡಿಸುವ ಬಸ್ಸು ಸಿಕ್ಕಿತು. ಅರ್ಧ ದಾರಿಯಲ್ಲಿ ಇದ್ದಿಲು ಕೆದಕಲು ನಿಲ್ಲಿಸಿದಾಗ ಕಂಡಕ್ಟರು, "ಮಗೂಗೇನಾಗೈತೆ?" ಎಂದ. ಜ್ವರ ಎಂದಿದ್ದರೆ ಆಗುತ್ತಿತ್ತು. ಗಂಟಲುಮಾರಿ ಎಂದೆ. ಮುಂದಿನ ಸೀಟಿನ ಹೆಂಗಸು ತನ್ನ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಅದನ್ನು ನೋಡಿದ ಮೇಲೆ ನನಗೆ ಕಂಡಕ್ಟರನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಇಳಿಸಿಬಿಟ್ಟರು. ಅಲ್ಲಿಂದ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ನಡೆದೆ. ಅವಳ ಉಸಿರು ನನ್ನ ಕಿವಿಯಲ್ಲಿ ಗರಗಸ ಎಳೆದಂತೆ ಕೇಳುತ್ತಿತ್ತು. "ಮಾಮ, ಚಕ್ರದ ಮಂಚ ನಂಗೇ ಕೊಡ್ತಾರಾ?" ಎಂದಳು. ಗೊತ್ತಿಲ್ಲ ಎಂದೆ. ಆ ಹೊತ್ತಿನಲ್ಲೂ ಗೊತ್ತಿಲ್ಲ ಎಂದೆ ಅಕ್ಕಾ.

ಒಂದು ಮಿಲಿಟರಿ ಲಾರಿ ನಿಂತಿತು. ಡ್ರೈವರು ತಮಿಳಿನವನು. ಅವನಿಗೂ ಗಂಟಲುಮಾರಿ ಎಂದೆ. "ಹಿಂದೆ ಯಾರೂ ಇಲ್ಲೆ, ಏರು" ಎಂದ. ಆಸ್ಪತ್ರೆಯ ಬಾಗಿಲಿನವರೆಗೂ ಬಿಟ್ಟ. ಅವನ ಹೆಸರನ್ನೂ ಕೇಳಲಿಲ್ಲ.

ಇದಿಷ್ಟು. ನಾನು ಜಗಲಿಯಲ್ಲಿ ಓದದಿದ್ದರೆ ಅವ್ವ ಮಂಗಳವಾರವೇ ಅವಳ ಬಾಯಿ ನೋಡಿರುತ್ತಿದ್ದಳು. ನಾನು ಊರಿನಲ್ಲಿದ್ದಿದ್ದರೆ ನಾನೇ ನೋಡಿರುತ್ತಿದ್ದೆ. ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಮಧ್ಯಾಹ್ನಕ್ಕೇ ಸೂಜಿ ಬೀಳುತ್ತಿತ್ತು.

ಅವಳು ಹೇಗಿದ್ದಾಳೆ? ಒಂದು ಸಾಲು ಬರೆ.

ಪಿಳ್ಳಣ್ಣ


ಬೆಂಗಳೂರು
೨ ಡಿಸೆಂಬರ್ ೧೯೪೪

ಪಿಳ್ಳಣ್ಣನಿಗೆ,

ಕಾಗದ ಬಂತು. ಅದರಲ್ಲಿ ನೀನು ಬರೆದದ್ದಕ್ಕೆ ಉತ್ತರ ಬರೆಯುವುದಿಲ್ಲ. ಅವಳ ಸುದ್ದಿ ಮಾತ್ರ ಬರೆಯುತ್ತೇನೆ.

ಪೊರೆ ಅಂಚಿನಿಂದ ಬಿಟ್ಟುಕೊಳ್ಳುತ್ತಾ ಬಂದು ನಾಲ್ಕನೆಯ ದಿನ ಪೂರ್ತಿ ಕಳಚಿತು. ಕೊಳವೆ ಇಡಬೇಕಾಗಲಿಲ್ಲ. ಊತ ಇಳಿದಿದೆ. ಹಾಲು ಕೇಳುತ್ತಾಳೆ. ಮುನಿರಾಮಯ್ಯನ ಮೊಮ್ಮಗ ಪಕ್ಕದ ಮಂಚದಲ್ಲಿದ್ದಾನೆ. ಅವನಿಗೆ ಮೊದಲೇ ಸೂಜಿ ಬಿದ್ದದ್ದರಿಂದ ಬೇಗ ಏಳುತ್ತಾನಂತೆ.

ಇವಳನ್ನು ಏಳಿಸುವ ಹಾಗಿಲ್ಲ. ಗಂಟಲು ವಾಸಿಯಾದ ಮೇಲೆಯೇ ಈ ರೋಗ ಎದೆಯನ್ನು ಹಿಡಿಯುವುದು ಎಂದು ಡಾಕ್ಟರು ಹೇಳಿದ್ದಾರೆ. ತಲೆದಿಂಬನ್ನೂ ಕೊಟ್ಟಿಲ್ಲ. ನಾಲ್ಕು ವಾರ ಹಾಗೆಯೇ ಮಲಗಿರಬೇಕು, ತಾನಾಗಿ ಮಗ್ಗುಲಾಗಲೂ ಕೂಡದು. ಐದು ವರ್ಷದ ಮಗು. "ನಂಗೇನೂ ಆಗಿಲ್ಲ, ಬಿಡಮ್ಮ" ಎನ್ನುತ್ತಾಳೆ. ವಾರ್ಡಿನ ಬೇರೆ ಕೆಲಸ ಬಿಟ್ಟು ಅವಳ ಪಕ್ಕದಲ್ಲಿ ಕೂತಿರುತ್ತೇನೆ. ಸಿಸ್ಟರಮ್ಮ ಕಂಡರೂ ಕಾಣದ ಹಾಗಿದ್ದಾರೆ.

ನಿನಗೆ ಹೇಳುವುದು ಒಂದಿದೆ. ನೀನು ದನದ ಕೊಟ್ಟಿಗೆಯಲ್ಲಿ ಬೇರೆ ಮಲಗು. ತಟ್ಟೆ, ಲೋಟ ಬೇರೆ ಇಟ್ಟುಕೋ. ಯಾರ ಜೊತೆಗೂ ಬೀಡಿ ಹಂಚಿಕೊಳ್ಳಬೇಡ. ಯಾವ ಮಗುವಿನ ಹತ್ತಿರವೂ ಹೋಗಬೇಡ. ಮಾತಾಡುವಾಗ ಬಾಯಿಗೆ ಟವೆಲ್ಲು ಇಟ್ಟುಕೋ. ದಿನಕ್ಕೆ ಮೂರು ಸಲ ಉಪ್ಪುನೀರು ಮುಕ್ಕಳಿಸು. ರೋಗಿಯನ್ನು ಹೊತ್ತು ತಂದವರೆಲ್ಲರಿಗೂ ಇದೇ ನಿಯಮ.

ಲಕ್ಕಮ್ಮ


ಗುಟ್ಟಹಳ್ಳಿ
೮ ಡಿಸೆಂಬರ್ ೧೯೪೪

ಅಕ್ಕಾ,

ಪೊರೆ ಕಳಚಿತು ಎಂದು ಓದಿದಾಗ ಅವ್ವ ಮೊದಲ ಸಲ ಮುಷ್ಟಿ ಬಿಚ್ಚಿದಳು. ನಾಲ್ಕು ವಾರ ಎಂದರೆ ಸಂಕ್ರಾಂತಿಗೆ ಮನೆಯಲ್ಲಿರುತ್ತಾಳೆ ಎಂದು ಎಳ್ಳು ಆರಿಸಿಟ್ಟಿದ್ದಾಳೆ. ಎದೆಯ ವಿಷಯವನ್ನೂ ಓದಿದೆ. ಅದನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

ದೊಡ್ಡಬೀರಪ್ಪನ ಮಗಳು ಸತ್ತುಹೋದಳು. ಹತ್ತು ದಿನ ಒಳಗೇ ಇಟ್ಟಿದ್ದರು. ಯಾಕಪ್ಪಾ ಆಸ್ಪತ್ರೆಗೆ ಕಳಿಸಲಿಲ್ಲ ಎಂದು ಹೋಗಿ ಕೇಳಿದೆ, ಬಾಗಿಲಾಚೆ ನಿಂತು, ಬಾಯಿಗೆ ಟವೆಲ್ಲು ಇಟ್ಟುಕೊಂಡು. ಬೀರಪ್ಪ ಹೊರಗೆ ಬಂದು, "ಕಳ್ಸಿದ್ರೆ ನೀನು ಅದನ್ನೂ ಜಗಲೀಲಿ ನಿಂತ್ಕಂಡು ಓದ್ತಿದ್ದೆ" ಎಂದ.

ಬುಧವಾರ ಹೊಸಕೋಟೆಯಿಂದ ಹೆಲ್ತ್ ಇನ್ಸ್‌ಪೆಕ್ಟರು ಬಂದರು. ಕಡ್ಡಿಗೆ ಹತ್ತಿ ಸುತ್ತಿ ಎಲ್ಲರ ಗಂಟಲು ಒರೆಸಿ ಗಾಜಿನ ಕೊಳವೆಯಲ್ಲಿ ಹಾಕಿಕೊಂಡರು. ಟೋಪಿ ಕಂಡದ್ದೇ ಮಕ್ಕಳು ಹಲ್ಲು ಕಚ್ಚಿಕೊಂಡವು. ಅವರು ಗದರಿಸಿ ನೋಡಿದರು, ಆಗಲಿಲ್ಲ. ಅವ್ವ ದೂರದಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡು ತಾನೇ 'ಆ' ಎಂದು ಬಾಯಿ ತೆರೆದಳು. ಸಾಲಾಗಿ ಎಲ್ಲ ಮಕ್ಕಳೂ ತೆರೆದವು. ಇನ್ಸ್‌ಪೆಕ್ಟರು, "ಈಯಮ್ಮನ್ನ ಕರ್ಕೊಂಡ್ ಹೋಗ್ತೀನಿ ನಾನು" ಎಂದು ನಕ್ಕರು. ಅವ್ವ ನಗಲಿಲ್ಲ. ಇವತ್ತು ಚೀಟಿ ಬಂತು. ಅವ್ವನ ಗಂಟಲು ಚೊಕ್ಕವಾಗಿದೆಯಂತೆ. ಊರಿನ ಮಕ್ಕಳಲ್ಲಿ ಇಬ್ಬರಿಗೆ ಮಾತ್ರ ಇದೆಯಂತೆ, ಅವರನ್ನು ಕರೆದೊಯ್ದರು.

ಅಕ್ಕಾ, ಎಲ್ಲರ ಗಂಟಲು ಒರೆಸಿದವರು ನನ್ನದನ್ನು ಒರೆಸಲಿಲ್ಲ. ಹೆಸರು ಕೇಳಿ, ಪಟ್ಟಿ ನೋಡಿ, "ನಿಂದು ಬೆಂಗಳೂರಲ್ಲೇ ನೋಡವ್ರೆ, ನೀನ್ ಆ ಕಡೆ ನಿಂತ್ಕೊ" ಎಂದರು. ಅನುಸೂಯಳನ್ನು ತಂದ ದಿನ ನಿನ್ನ ಡಾಕ್ಟರು ನನ್ನ ಗಂಟಲನ್ನೂ ಹತ್ತಿಯಿಂದ ಒರೆಸಿದ್ದರು. ಅದರಲ್ಲಿ ಏನು ಬಂತೆಂದು ನೀನು ಬರೆದಿಲ್ಲ. ಹೊತ್ತು ತಂದವರಿಗೆಲ್ಲ ನಿಯಮ ಎಂದೆ. ಮುನಿರಾಮಯ್ಯ ಮೊಮ್ಮಗನನ್ನು ಹೊತ್ತು ತಂದವನೇ. ಅವನನ್ನು ಕೇಳಿದೆ, ಅವನಿಗೆ ಯಾರೂ ಏನೂ ಹೇಳಿಲ್ಲ.

ನನಗೆ ಮಾತ್ರ ಯಾಕೆ? ಸುಳ್ಳು ಬರೆಯಬೇಡ.

ಪಿಳ್ಳಣ್ಣ


ಬೆಂಗಳೂರು
೧೭ ಡಿಸೆಂಬರ್ ೧೯೪೪

ಪಿಳ್ಳ,

ಅನುಸೂಯ ಗುರುವಾರ ಬೆಳಿಗ್ಗೆ ಹೋದಳು.

ಒಂದು ವಾರದಿಂದ ಮೂಗಿನಲ್ಲಿ ಮಾತಾಡುತ್ತಿದ್ದಳು, ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು. ಆ ವಿಷ ನರಕ್ಕೆ ತಾಕಿದರೆ ಹಾಗೆ, ಅದು ಸರಿಹೋಗುತ್ತದೆ ಎಂದಿದ್ದರು. ನಾಡಿ ಬಿಟ್ಟು ಬಿಟ್ಟು ಬರುತ್ತಿತ್ತು, ಅದಕ್ಕೆ ಏನೂ ಹೇಳಿರಲಿಲ್ಲ. ಗುರುವಾರ ನೀರು ಬೇಕು ಎಂದಳು. ನಾನು ಲೋಟಕ್ಕೆ ತಿರುಗಿದೆ. ಅವಳು ತಾನೇ ಎದ್ದು ಕೂತಳು. ನಾನು ಈ ಕಡೆ ತಿರುಗುವುದರೊಳಗೆ ಮುಗಿದಿತ್ತು. ಕೂಗಲೂ ಇಲ್ಲ. ಊರಿಗೆ ತರಲು ಬಿಡಲಿಲ್ಲ. ಇಲ್ಲಿಯೇ ಮಣ್ಣು ಮಾಡಿದೆ. ಸಿಸ್ಟರಮ್ಮ ಬಂದಿದ್ದರು.

ನೀನು ಕೇಳಿದ್ದಕ್ಕೆ ಉತ್ತರ. ನಿನ್ನ ಗಂಟಲಿನಲ್ಲಿ ಅದು ಇದೆ. ನಿನಗೆ ನೋವಿಲ್ಲ, ಜ್ವರವಿಲ್ಲ, ಆದರೂ ಇದೆ. ತಮಗೆ ಏನೂ ಆಗದೆ ಅದನ್ನು ಹೊತ್ತು ತಿರುಗುವವರು ಇರುತ್ತಾರಂತೆ. ಅವಳಿಂದ ನಿನಗೆ ಬಂದಿರಬಹುದು. ಮೊದಲಿನಿಂದಲೂ ಇದ್ದಿರಬಹುದು. ಡಾಕ್ಟರನ್ನು ಎರಡು ಸಲ ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಇನ್ನೆರಡು ಸಲ ಒರೆಸಿ ನೋಡಿ, ಎರಡು ಸಲವೂ ಇಲ್ಲವೆಂದು ಬರುವವರೆಗೆ ನೀನು ಬೇರೆಯೇ ಇರಬೇಕು. ತಿಂಗಳ ಕೊನೆಗೆ ಬಾ.

ಅವಳು ಹೋದದ್ದನ್ನು ಅವ್ವನಿಗೆ ಹೇಳು. ನಿನ್ನ ಗಂಟಲಿನ ವಿಷಯ ಅವ್ವನಿಗೂ ಬೇಡ, ಊರಿಗೂ ಬೇಡ. ಈ ಕಾಗದವನ್ನು ಒಲೆಗೆ ಹಾಕು. ನಾನು ನಿನ್ನ ಮೇಲೆ ಸಿಟ್ಟಾಗಲು ನೋಡಿದೆ, ಈಗ ಅದಕ್ಕೂ ಶಕ್ತಿ ಇಲ್ಲ. ಒಂದು ಸಲವಾದರೂ ನನ್ನ ಮಾತು ಕೇಳು.

ಅಕ್ಕ


ಗುಟ್ಟಹಳ್ಳಿ
೨೨ ಡಿಸೆಂಬರ್ ೧೯೪೪

ಅಕ್ಕಾ,

ಕೊಟ್ಟಿಗೆಯ ಬಾಗಿಲಿನಿಂದಲೇ ಅವ್ವನಿಗೆ ಹೇಳಿದೆ. ಹತ್ತಿರ ಹೋಗಿ ಹಿಡಿದುಕೊಳ್ಳುವ ಹಾಗೂ ಇರಲಿಲ್ಲ. ಅವಳು ಅಂಗಳದಲ್ಲಿ ಕೂತಳು. ಆರಿಸಿಟ್ಟ ಎಳ್ಳನ್ನು ಮೊರದಿಂದ ಚೆಲ್ಲಿಬಿಟ್ಟಳು. ಕೋಳಿಗಳು ಬಂದವು, ಓಡಿಸಲಿಲ್ಲ.

ಎರಡು ದಿನ ಕಾದೆ. ಕಾಗದವನ್ನು ಒಲೆಗೆ ಹಾಕಲಿಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಸೈನ್ಯದವರು ನೂಕಿದ ಮೇಲೆ ನಾನು ಬೆಂಗಳೂರಿನಲ್ಲಿ ಮೂರು ದಿನ ಒಂದು ಶೆಡ್ಡಿನಲ್ಲಿ ಮಲಗಿದ್ದೆ. ನನ್ನಂಥವರೇ ಮೂವತ್ತು ಜನ, ಒಂದೇ ಚೊಂಬು, ಒಂದೇ ಬೀಡಿ ಐದು ಬಾಯಿಗೆ. ಊರಿಗೆ ಬಂದಾಗ ಗಂಟಲು ಕೆರೆಯುತ್ತಿತ್ತು. ಎರಡು ದಿನದಲ್ಲಿ ತಾನೇ ಹೋಯಿತು, ಮರೆತೂ ಬಿಟ್ಟಿದ್ದೆ. ನಿನ್ನ ಕಾಗದ ಓದಿದ ಮೇಲೆ ನೆನಪಾಯಿತು. ಅವತ್ತು ಅವ್ವ ನನ್ನ ಕಿರುನಾಲಿಗೆಯನ್ನೂ ಎತ್ತಿದ್ದಳು. "ಮೀಸೆ ಬಂದ್ರೂ ಬಾಯ್ ತೆಗಿಯಾಕೆ ಅಳ್ತೀಯಲ್ಲೋ" ಎಂದು ನಗಾಡಿದ್ದಳು. ಮುನಿಸ್ವಾಮಿಯ ತಾಯಿ ಎಮ್ಮೆಯ ಹಾಲು ಕೊಡಲು ಬಂದವಳು, ಇವನಿಗೂ ಎರಡು ದಿನದಿಂದ ಕೆಮ್ಮು ಎಂದು ಹುಡುಗನನ್ನು ಮುಂದೆ ತಳ್ಳಿದಳು. ಅದೇ ತಟ್ಟೆ, ಅದೇ ಬೆರಳು. ಅವನು ಕಾಯಿಲೆ ಬೀಳುವುದಕ್ಕೆ ವಾರದ ಮುಂಚೆ.

ಬುಧವಾರ ಸಾಯಂಕಾಲ ಎಲ್ಲರನ್ನೂ ಕರೆದೆ. ಜನ ಜಗಲಿಯಲ್ಲಿ ಕೂತರು, ನಾನು ಬೀದಿಯಾಚೆ ನಿಂತೆ. ಚಿಕ್ಕವೆಂಕಟಪ್ಪ ಬಂದಿದ್ದ, ಬೀರಪ್ಪನೂ ಬಂದ. ಟವೆಲ್ಲಿನೊಳಗಿಂದ ನಿನ್ನ ಕಾಗದವನ್ನು ಪೂರ್ತಿ ಓದಿದೆ. ಆಮೇಲೆ ಶೆಡ್ಡಿನ ವಿಷಯ, ಆ ದಿನದ ವಿಷಯ ಹೇಳಿದೆ. "ಊರಿಗೆ ತಂದೋನು ನಾನು. ಅವ್ವನ ಕೈಗೆ ಕೊಟ್ಟೋನು ನಾನು. ಅವ್ವನ ಹೆಸರು ಜಗಲೀಲಿ ಕೂಗ್ದಂಗೆ ನನ್ ಹೆಸರೂ ಕೂಗಿ" ಎಂದೆ.

ಚಿಕ್ಕವೆಂಕಟಪ್ಪ ಎದ್ದು ನಿಂತ. ಅವನ ಮುಖ ನನಗೆ ಕಾಣುತ್ತಿತ್ತು. ಹೊಡೆಯಲಿ ಎಂದೇ ನಿಂತಿದ್ದೆ.

ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. ಒಂದು ತಿಂಗಳಿನಿಂದ ಊರಿನವರ ಮುಂದೆ ಬಾಯಿ ಬಿಡದವಳು.

"ಸುಳ್ಳು" ಎಂದಳು.

"ಇವನು ಬೆಂಗ್ಳೂರಿಂದ ಬಂದಾಗ ಇವನ ಗಂಟಲು ನಾನ್ ಮುಟ್ಟೇ ಇಲ್ಲ. ಇವನಿಗೆ ನೋವೂ ಇರ್ಲಿಲ್ಲ, ಏನೂ ಇರ್ಲಿಲ್ಲ. ಮಗು ಹೋದ ಸಂಕ್ಟಕ್ಕೆ ತಲೆ ಕೆಟ್ಟು ಏನೇನೋ ಹೇಳ್ತವ್ನೆ. ನನ್ ಗಂಟಲು ಚೊಕ್ಕ ಅಂದ್ರು, ಕೈ ಚೊಕ್ಕ ಇರ್ಲಿಲ್ವಲ್ಲ. ಊರಿಗೆಲ್ಲ ಇಕ್ಕಿದ್ದು ಇದು" ಎಂದು ಹೆಬ್ಬೆರಳನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. "ವೆಂಕಟಪ್ಪಾ, ಉಗಿಯೋದಾದ್ರೆ ನನ್ ಮುಖಕ್ಕೆ ಉಗಿ. ನನ್ ಮೊಮ್ಮಗಳನ್ನೂ ನಾನೇ ತಿಂದ್ಕಂಡೆ."

"ಅವ್ವಾ!" ಎಂದೆ. "ಮೀಸೆ ಬಂದ್ರೂ ಅಳ್ತೀಯ ಅಂತ ನಗಾಡ್ದಲ್ಲವ್ವಾ! ಮುನಿಸ್ವಾಮಿ ಅವ್ವನೂ ಇದ್ಲು, ಕೇಳ್ರಿ!"

ಎಲ್ಲರೂ ಅವಳ ಕಡೆ ತಿರುಗಿದರು. ಮುನಿಸ್ವಾಮಿಯ ತಾಯಿ ಗಂಡನ ಹಿಂದೆ ನಿಂತಿದ್ದಳು. ಅವಳು ಅವ್ವನನ್ನು ನೋಡಿದಳು. ಅವ್ವ ಅವಳನ್ನು ನೋಡಿದಳು. ಆಮೇಲೆ ಆಕೆ, "ನಂಗೆ ಗ್ಯಾಪ್ಕ ಇಲ್ಲ" ಎಂದು ತಲೆ ತಗ್ಗಿಸಿದಳು.

ಚಿಕ್ಕವೆಂಕಟಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನಿಮ್ಮವ್ವ ಮುನಿತಾಯಕ್ಕ ಸುಳ್ಳು ಹೇಳಾಕಿಲ್ಲ. ಹೋಗಪ್ಪಾ ಪಿಳ್ಳಣ್ಣ, ಹೋಗಿ ಮಲಕ್ಕೋ" ಎಂದ. ಎಲ್ಲರೂ ಎದ್ದು ಹೋದರು.

ನಿನ್ನೆಯಿಂದ ಕೇಳುತ್ತಿದ್ದೇನೆ. ಯಾಕವ್ವಾ ಹಾಗೆಂದೆ ಎಂದರೆ, ನಿಜಾನೇ ಅಂದೆ ಎನ್ನುತ್ತಾಳೆ. ಇಬ್ಬರೇ ಇರುವಾಗಲೂ ಅದನ್ನೇ ಹೇಳುತ್ತಾಳೆ. ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಾಳೆ. ಕೊಟ್ಟಿಗೆಯ ಹೊಸ್ತಿಲಲ್ಲಿ ತಟ್ಟೆ ಇಟ್ಟು, ಉಣ್ಣು ಎಂದು ಹೇಳಿ ಹೋಗುತ್ತಾಳೆ. ಊರಿನವರು ನನ್ನನ್ನು ಈಗ ಅಯ್ಯೋ ಪಾಪ ಎನ್ನುವಂತೆ ನೋಡುತ್ತಾರೆ. ಅವ್ವನ ನೆರಳು ಬಿದ್ದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ.

ಅಕ್ಕಾ, ಅವತ್ತು ಅವಳು ನನ್ನ ಗಂಟಲಿಗೆ ಕೈ ಹಾಕಿದ್ದಳು. ಮೆಣಸಿನ ಉರಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅನುಸೂಯ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು, ನನಗೆ ಕೊಟ್ಟ ಬೆಲ್ಲದಲ್ಲಿ ಅರ್ಧ ಅವಳೇ ತಿಂದಳು. ಇದಕ್ಕೆ ಸಾಕ್ಷಿ ಹೇಳುವವರು ಇನ್ನು ಯಾರೂ ಇಲ್ಲ.

ನಾನು ಹೇಳಿದ್ದು ನಿಜ. ನೀನಾದರೂ ನನ್ನನ್ನು ನಂಬು.

ಪಿಳ್ಳಣ್ಣ